ಒಂಬತ್ತೂವರೆಯ ಪಿಂಗ್

ರಾತ್ರಿ ಒಂಬತ್ತೂವರೆಗೆ ನಮ್ಮ ಮನೆಯಲ್ಲಿ ಇಂಟರ್ನೆಟ್ ಬಳಸದೆ ಸುಮ್ಮನಿರುವುದು ಫ್ರಿಜ್ ಮತ್ತು ಗ್ರೈಂಡರ್ ಮಾತ್ರ. ಹಾಲ್‌ನ ಟಿವಿಯಲ್ಲಿ ಅತ್ತೆಯವರ ಧಾರಾವಾಹಿ. ಅದು ಈಗ ಬರುವುದು ಕೇಬಲ್‌ನಲ್ಲಲ್ಲ, ಆ್ಯಪ್‌ನಲ್ಲಿ. ಗಂಡನಿಗೆ ಅಮೆರಿಕದ ಕಚೇರಿಯವರೊಂದಿಗೆ ವಿಡಿಯೊ ಮೀಟಿಂಗ್. ಮಾವ ಗೇಟಿಗೊಂದು ಹಿತ್ತಲಿಗೊಂದು ಹಾಕಿಸಿರುವ ಕ್ಯಾಮೆರಾಗಳು ಬೀದಿನಾಯಿ ಬಾಲ ಅಲ್ಲಾಡಿಸಿದರೂ ಅದರ ದೃಶ್ಯವನ್ನು ಎಲ್ಲೋ ಇರುವ ಸರ್ವರ್‌ಗೆ ಕಳುಹಿಸುತ್ತವೆ. ಮೊಬೈಲ್‌ಗಳು ಚಾರ್ಜಿಗೆ ಹಾಕಿದ ಕೂಡಲೇ ದಿನದ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡಲು ಹೊರಡುತ್ತವೆ. ಸರಿಯಾಗಿ ಅದೇ ಹೊತ್ತಿಗೆ ನಾನು ಮಹಡಿಯ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ವ್ಯಾಲರಂಟ್ ಎಂಬ ಗುಂಡು ಹಾರಿಸುವ ಆನ್‌ಲೈನ್ ಆಟ ಆಡಲು ಕೂರುತ್ತೇನೆ. ಕಾಲೇಜಿನ ಕಾಲದ ಗೆಳತಿಯರ ತಂಡ; ಒಬ್ಬಳು ಬೆಂಗಳೂರಿನಲ್ಲಿ, ಒಬ್ಬಳು ಪುಣೆಯಲ್ಲಿ, ಇಬ್ಬರು ಹೈದರಾಬಾದಿನಲ್ಲಿ, ನಾನು ಮೈಸೂರಿನಲ್ಲಿ. ಅತ್ತೆಯವರ ಮಾತಿನಲ್ಲಿ ಹೇಳುವುದಾದರೆ, ಸೊಸೆ ಊಟವಾದ ಮೇಲೆ ಮೇಲೆ ಹೋಗಿ ಯಾರಿಗೋ ಗುಂಡು ಹೊಡೆದು ಬರುತ್ತಾಳೆ.

ಮೈಸೂರಿನಿಂದ ಆಟದ ಮುಂಬೈ ಸರ್ವರ್‌ಗೆ ಸಂಜೆ ಆರಕ್ಕೆ ಪಿಂಗ್, ಅಂದರೆ ಸುದ್ದಿ ಹೋಗಿ ಬರಲು ಹಿಡಿಯುವ ಹೊತ್ತು, 32 ಮಿಲಿಸೆಕೆಂಡ್ ತೋರಿಸುತ್ತಿತ್ತು. ಒಂಬತ್ತೂವರೆ ದಾಟಿದರೆ ಅದೇ ಅಂಕಿ 150, 240, ಕೆಲವೊಮ್ಮೆ 300ರ ಮೇಲಕ್ಕೂ ಹಾರುತ್ತಿತ್ತು. ಈ ಆಟದ ಸರ್ವರ್ ಸೆಕೆಂಡಿಗೆ 128 ಬಾರಿ, ಅಂದರೆ ಎಂಟು ಮಿಲಿಸೆಕೆಂಡಿಗೂ ಕಡಿಮೆ ಅಂತರದಲ್ಲಿ, ಎಲ್ಲರ ಸ್ಥಾನವನ್ನೂ ಲೆಕ್ಕ ಹಾಕುತ್ತದೆ. ಅಂಥಲ್ಲಿ ನನ್ನ ಸುದ್ದಿ 300 ಮಿಲಿಸೆಕೆಂಡ್ ತಡವಾಗಿ ಬಂದರೆ ಆಟ ಎಲ್ಲಿ ಉಳಿಯಿತು? ನಾನು ಗೋಡೆಯ ಮರೆಗೆ ಸರಿದ ಮೇಲೂ ಸಾಯುತ್ತಿದ್ದೆ. ಎದುರಾಳಿ ಇಲ್ಲಿ ಕಂಡವನು ಮರುಕ್ಷಣ ಅಲ್ಲಿ ನಿಂತಿರುತ್ತಿದ್ದ.

ಇಂಟರ್ನೆಟ್ ಕೊಡುವವರಿಗೆ ಫೋನ್ ಮಾಡಿದೆ. ನಮ್ಮದು ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ 50 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 50 ಮೆಗಾಬಿಟ್, ಇರುವ ಫೈಬರ್. "ಸ್ಪೀಡ್ ಟೆಸ್ಟ್‌ನಲ್ಲಿ 50 ಪೂರ್ತಿ ಬರುತ್ತಿದೆಯಲ್ಲ ಮೇಡಂ, ನಮ್ಮ ಕಡೆಯಿಂದ ತೊಂದರೆ ಏನೂ ಇಲ್ಲ. ಬೇಕಿದ್ದರೆ ದೊಡ್ಡ ಪ್ಲಾನ್‌ಗೆ ಬದಲಾಯಿಸಿಕೊಳ್ಳಿ" ಎಂದರು. ಇಂಥ ಆಟಕ್ಕೆ ಒಂದು ಎಂಬಿಪಿಎಸ್ ಕೂಡ ಬೇಕಾಗುವುದಿಲ್ಲ. ಇರುವ ಐವತ್ತರಲ್ಲಿ ಅದಕ್ಕೆ ಜಾಗ ಸಿಗದಿದ್ದರೆ ನೂರರಲ್ಲಿ ಸಿಗುತ್ತದೆಂದು ನಂಬುವುದು ಹೇಗೆ? ದುಡ್ಡು ಬಿಚ್ಚುವ ಮೊದಲು ಪಿಂಗ್ ಏರುವುದು ಎಲ್ಲಿ ಎಂದು ತಿಳಿಯಬೇಕಿತ್ತು.

ಲ್ಯಾಪ್‌ಟಾಪ್‌ನಲ್ಲಿ ಎರಡು ಕಮಾಂಡ್ ಕಿಟಕಿ ತೆರೆದೆ. ಒಂದರಲ್ಲಿ ಮನೆಯ ರೂಟರ್‌ಗೆ, ಅಂದರೆ 192.168.1.1ಕ್ಕೆ, ಇನ್ನೊಂದರಲ್ಲಿ ಹೊರಗಿನ ಗೂಗಲ್ ಸರ್ವರ್ 8.8.8.8ಕ್ಕೆ ನಿಲ್ಲದೆ ಪಿಂಗ್ ಓಡಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ. ಹೊರಗಿನದು ಮಾತ್ರ ಏರಿದರೆ ತೊಂದರೆ ಲೈನಿನದು. ಎರಡೂ ಒಟ್ಟಿಗೆ ಏರಿದರೆ ಮನೆಯೊಳಗಿನ ವೈಫೈಯದು. ನಮ್ಮಲ್ಲಿ ಎರಡು ತೊಂದರೆಗಳೂ ಇದ್ದವು. ಹತ್ತು ಹೆಜ್ಜೆ ದೂರದ ರೂಟರ್‌ಗೆ ಹೋಗಿ ಬರಲು ಕೆಲವು ಸಲ 80 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಲ್ಯಾಪ್‌ಟಾಪ್ ವೈಫೈಯ 2.4 ಗಿಗಾಹರ್ಟ್ಸ್ ತರಂಗಪಟ್ಟಿಗೆ ಅಂಟಿಕೊಂಡಿತ್ತು. ಒಂದಕ್ಕೊಂದು ತಾಗದೆ ಇರುವ ಚಾನೆಲ್‌ಗಳು ಅಲ್ಲಿ ಮೂರೇ, 1, 6 ಮತ್ತು 11. ನಮ್ಮ ಸಾಲುಮನೆಗಳ ಬೀದಿಯಲ್ಲಿ ಆ ಮೂರರಲ್ಲೂ ನೆರೆಯವರ ರೂಟರ್‌ಗಳು ತುಂಬಿದ್ದವು.

ವೈಫೈಯನ್ನು ರಿಪೇರಿ ಮಾಡುವ ಬದಲು ಬಿಟ್ಟೇಬಿಟ್ಟೆ. ಮೆಟ್ಟಿಲ ಪಕ್ಕದ ಗೋಡೆಯಗುಂಟ ಕ್ಯಾಟ್-6 ನೆಟ್‌ವರ್ಕ್ ಕೇಬಲ್ ಎಳೆಸಿದೆ. ಎಲೆಕ್ಟ್ರಿಷಿಯನ್ ಹುಡುಗ ಮೊಳೆ ಹೊಡೆಯುವಾಗ ಮಾವ ಕೆಳಗೆ ನಿಂತು, ಕೇಬಲ್ ಮೂಲೆಯಲ್ಲಿ ತೀರಾ ಮಡಚದಂತೆ ನೋಡಿಕೊಂಡರು. ದೂರಸಂಪರ್ಕ ಇಲಾಖೆಯಲ್ಲಿ ಎಕ್ಸ್‌ಚೇಂಜ್‌ನ ಕೆಲಸ ಮಾಡಿ ನಿವೃತ್ತರಾದವರು. ತಂತಿ ಎಂದರೆ ಅವರಿಗೆ ಈಗಲೂ ಹುರುಪು. ಕೇಬಲ್ ಸಿಕ್ಕಿಸಿದ ಮೇಲೆ ರೂಟರ್‌ನ ಪಿಂಗ್ ಒಂದು ಮಿಲಿಸೆಕೆಂಡಿಗಿಂತ ಕೆಳಗಿಳಿದು ಅಲ್ಲೇ ಕೂತಿತು. ಆಟದ ಯಂತ್ರಕ್ಕೆ ಆದ್ಯತೆ ಕೊಡಬೇಕೆಂದು ಹೊರಡುವ ಯಾರೇ ಆಗಲಿ, ಬೇರೆಲ್ಲ ಮಾಡುವ ಮೊದಲು ಈ ಕೇಬಲ್ ಎಳೆಯಲಿ ಎಂಬುದು ನನ್ನ ಖಚಿತ ಅಭಿಪ್ರಾಯ. ಬಾಡಿಗೆ ಮನೆಯಲ್ಲಿ ಮೊಳೆ ಹೊಡೆಯಲು ಬಿಡದಿದ್ದರೆ ಕೊನೇಪಕ್ಷ 5 ಗಿಗಾಹರ್ಟ್ಸ್‌ಗೆ ಬದಲಾಯಿಸಿಕೊಂಡು ರೂಟರ್ ಇರುವ ಕೋಣೆಯಲ್ಲೇ ಆಡಬೇಕು.

ಹೊರಗಿನ ಪಿಂಗ್ ಮಾತ್ರ ಮೊದಲಿನಂತೆಯೇ ಕುಣಿಯುತ್ತಿತ್ತು. ಒಂದು ಭಾನುವಾರ ಮಧ್ಯಾಹ್ನ ಮನೆಯ ಒಂದೊಂದೇ ಉಪಕರಣವನ್ನು ಆರಿಸಿ, ಹಚ್ಚಿ ನೋಡುತ್ತಾ ಹೋದೆ. ಟಿವಿ ಓಡುವಾಗ ಪಿಂಗ್ ಸ್ವಲ್ಪವೇ ಅಲುಗಿತು. ಮೀಟಿಂಗ್‌ನಿಂದ ಏನೂ ಆಗಲಿಲ್ಲ. ಗಂಡನ ಮೊಬೈಲ್‌ನಲ್ಲಿ, ಹಿಂದಿನ ದಿನದ ಗೃಹಪ್ರವೇಶದಲ್ಲಿ ತೆಗೆದ ವಿಡಿಯೊಗಳ ಬ್ಯಾಕಪ್ ಶುರು ಮಾಡಿಸಿದೆ. ಕಿಟಕಿಯಲ್ಲಿ ಸಾಲುಸಾಲಾಗಿ ಇಳಿಯುತ್ತಿದ್ದ ಅಂಕಿಗಳು 24, 25, 24 ಎಂದು ಹೋಗುತ್ತಿದ್ದವು. ಇದ್ದಕ್ಕಿದ್ದಂತೆ 90, 170, 260, 310. ಬ್ಯಾಕಪ್ ನಿಲ್ಲಿಸಿದೆ, ಎರಡು ಸೆಕೆಂಡಿನಲ್ಲಿ ಮತ್ತೆ 24. ಹಚ್ಚಿದೆ, 300. ಸಂಶಯಕ್ಕೆ ಎಡೆಯೇ ಇರಲಿಲ್ಲ. ನಾವೆಲ್ಲ ಡೌನ್‌ಲೋಡ್ ವೇಗವನ್ನೇ ನೋಡುತ್ತಿದ್ದರೆ ಹೊಡೆತ ಬೀಳುತ್ತಿದ್ದದ್ದು ಅಪ್‌ಲೋಡ್ ಕಡೆಯಿಂದ.

ಅಲ್ಲಿ ಆಗುವುದು ಇಷ್ಟು. ಲೈನು ಸಾಗಿಸುವುದಕ್ಕಿಂತ ಹೆಚ್ಚು ಮಾಹಿತಿ ಬಂದಾಗ ಮನೆಯ ಫೈಬರ್ ಪೆಟ್ಟಿಗೆ ಅದನ್ನು ತನ್ನ ನೆನಪಿನಲ್ಲಿ, ಅಂದರೆ ಬಫರ್‌ನಲ್ಲಿ, ಸಾಲಾಗಿ ಇಟ್ಟುಕೊಳ್ಳುತ್ತದೆ. ಅದರಲ್ಲಿ ಎರಡು ಮೆಗಾಬೈಟ್ ಜಾಗ ಇದೆ ಎಂದಿಟ್ಟುಕೊಳ್ಳೋಣ. ಎರಡು ಮೆಗಾಬೈಟ್ ಎಂದರೆ 16 ಮೆಗಾಬಿಟ್. 50 ಎಂಬಿಪಿಎಸ್ ಲೈನಿನಲ್ಲಿ ಅದು ಖಾಲಿಯಾಗಲು 320 ಮಿಲಿಸೆಕೆಂಡ್ ಬೇಕು. ಬ್ಯಾಕಪ್ ಆ ಜಾಗವನ್ನು ಸದಾ ತುಂಬಿಸಿಯೇ ಇಡುತ್ತದೆ, ಏಕೆಂದರೆ ಕಳುಹಿಸುವ ಮೊಬೈಲ್ ಎಲ್ಲಾದರೂ ಪ್ಯಾಕೆಟ್, ಅಂದರೆ ಮಾಹಿತಿಯ ಒಂದು ತುಣುಕು, ಕಳೆದುಹೋಗುವ ತನಕ ತನ್ನ ವೇಗ ಏರಿಸುತ್ತಲೇ ಇರುತ್ತದೆ. ನನ್ನ ಆಟದ ನೂರು ಚಿಲ್ಲರೆ ಬೈಟಿನ ಪುಟ್ಟ ಪ್ಯಾಕೆಟ್ ಆ ಸಾಲಿನ ಬಾಲದಲ್ಲಿ ನಿಲ್ಲುತ್ತದೆ. ಅದಕ್ಕೆ ಬೇಕಿದ್ದದ್ದು ಅಗಲವಾದ ಲೈನಲ್ಲ, ಕಾಯದೆ ದಾಟುವ ಅವಕಾಶ.

ಈ ಕಾಯಿಲೆಗೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟವರು ಜಿಮ್ ಗೆಟಿಸ್. ವೆಬ್ ಪುಟಗಳನ್ನು ಸಾಗಿಸುವ ಎಚ್‌ಟಿಟಿಪಿ ನಿಯಮಾವಳಿಯ ಸಂಪಾದಕರಲ್ಲಿ ಒಬ್ಬರಾಗಿದ್ದ ಅವರೇ 2010ರಲ್ಲಿ ತಮ್ಮ ಮನೆಯಿಂದ ಫೈಲುಗಳನ್ನು ಕಳುಹಿಸುತ್ತಿದ್ದಾಗ ಇಡೀ ಮನೆಯ ಇಂಟರ್ನೆಟ್ ಕೆಡುವುದನ್ನು ಕಂಡು ಬೆನ್ನಟ್ಟಿದರು. ಅಂಥವರ ಮನೆಯನ್ನೇ ಬಿಡದ ಕಾಟ ನಮ್ಮನ್ನು ಬಿಡುತ್ತದೆಯೇ ಎಂದು ಓದುವಾಗ ಸಮಾಧಾನವೂ ಆಯಿತು.

ನಮ್ಮ ರೂಟರ್‌ನಲ್ಲಿ ಆದ್ಯತೆ ಕೊಡುವ ಒಂದು ಪುಟ ಇತ್ತು. ಮನೆಯ ಉಪಕರಣಗಳ ಪಟ್ಟಿ, ಪ್ರತಿಯೊಂದರ ಮುಂದೆ ಒಂದು ಗುಂಡಿ. ನನ್ನ ಲ್ಯಾಪ್‌ಟಾಪ್‌ನ ಗುಂಡಿ ಒತ್ತಿದೆ. ಏನೂ ಆಗಲಿಲ್ಲ. ಕಾರಣ ಸರಳ: ರೂಟರ್ ಮತ್ತು ಫೈಬರ್ ಜೋಡಣೆ ಒಂದೇ ಪೆಟ್ಟಿಗೆಯಲ್ಲಿದ್ದರೂ, ಸಾಲು ಕಟ್ಟುತ್ತಿದ್ದದ್ದು ರೂಟರ್ ಭಾಗದಲ್ಲಿ ಅಲ್ಲ, ಅದರಾಚೆಯ ಫೈಬರ್ ಭಾಗದಲ್ಲಿ. ರೂಟರ್ ಭಾಗದಿಂದ ಅಲ್ಲಿಗೆ ಹೋಗುವ ದಾರಿ ಲೈನಿಗಿಂತ ಬಹಳ ಅಗಲ. ರೂಟರ್ ಕಣ್ಣಿಗೆ ದಾರಿ ಸದಾ ಖಾಲಿ, ಯಾರನ್ನು ಮುಂದೆ ಬಿಡಬೇಕೆಂಬ ಪ್ರಶ್ನೆಯೇ ಏಳುವುದಿಲ್ಲ. ಅದೇ ಪುಟದ ಮೇಲ್ಭಾಗದಲ್ಲಿ ಒಟ್ಟು ವೇಗ ಬರೆಯುವ ಎರಡು ಖಾನೆಗಳಿದ್ದವು. ಅಲ್ಲಿ ಲೈನಿಗಿಂತ ಕಡಿಮೆ ಅಂಕಿ ತುಂಬಿದ ಮೇಲೆಯೇ ರೂಟರ್‌ಗೆ ಕೆಲಸ ಸಿಕ್ಕಿದ್ದು. ಪಿಂಗ್ ಅರವತ್ತು ಎಪ್ಪತ್ತಕ್ಕೆ ಇಳಿಯಿತು.

ಇನ್ನೇನು ಗೆದ್ದೆವು ಎನ್ನುವಷ್ಟರಲ್ಲಿ ಆಟಕ್ಕೆ ಹೊಸ ಅಪ್‌ಡೇಟ್ ಬಂತು. ಹಲವು ಗಿಗಾಬೈಟ್‌ನದು. ನನ್ನ ಲ್ಯಾಪ್‌ಟಾಪ್ ಮನೆಯ ರಾಣಿಯಾಗಿತ್ತಲ್ಲ, ಅದು ಬಂದದ್ದನ್ನೆಲ್ಲ ತಾನೇ ಎಳೆದುಕೊಂಡಿತು. ಕೆಳಗೆ ಟಿವಿ ನಿಂತು ತಿರುಗತೊಡಗಿತು, ಸರಿಯಾಗಿ ಧಾರಾವಾಹಿಯಲ್ಲಿ ತಾಳಿ ಕಟ್ಟುವ ಹೊತ್ತಿಗೆ. ಗಂಡ ಮೀಟಿಂಗ್‌ನಿಂದ ಹೊರಬಿದ್ದು ಮೆಟ್ಟಿಲ ಕೆಳಗಿನಿಂದ, "ನೀನು ಈಗ ಏನು ಮುಟ್ಟಿದೆ?" ಎಂದು ಕೂಗಿದ. ಯಂತ್ರಕ್ಕೆ ಕೊಟ್ಟ ಆದ್ಯತೆ ಆಟಕ್ಕೆ ಕೊಟ್ಟ ಆದ್ಯತೆ ಅಲ್ಲ. ಅದೇ ಯಂತ್ರದ ಅಪ್‌ಡೇಟ್‌ಗೂ, ಹಿನ್ನೆಲೆಯಲ್ಲಿ ನಡೆಯುವ ಬೇಡದ ಕೆಲಸಗಳಿಗೂ ಅದೇ ಗೌರವ ಸಿಗುತ್ತದೆ.

ಊಟದ ಹೊತ್ತಿಗೆ ಇದನ್ನು ಹೇಳಿದಾಗ ಮಾವ ನಕ್ಕರು. "ನಮ್ಮ ಕಾಲದಲ್ಲಿ ಟ್ರಂಕ್ ಕಾಲ್ ಬುಕ್ ಮಾಡುವಾಗ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ಇದ್ದವಮ್ಮಾ. ಲೈಟ್ನಿಂಗ್‌ಗೆ ಬಹಳ ದುಬಾರಿ ದರ. ಆ ದರ ಇದ್ದದ್ದರಿಂದಲೇ ಸಾವು, ಆಸ್ಪತ್ರೆ ಎಂಬಂಥದ್ದಕ್ಕೆ ಮಾತ್ರ ಜನ ಅದನ್ನು ಕೇಳುತ್ತಿದ್ದರು. ದರ ಇಲ್ಲದಿದ್ದರೆ ಎಲ್ಲರೂ ಲೈಟ್ನಿಂಗ್ ಎನ್ನುತ್ತಿದ್ದರು, ಲೈಟ್ನಿಂಗ್ ಎನ್ನುವುದೇ ಆರ್ಡಿನರಿ ಆಗುತ್ತಿತ್ತು. ನಿನ್ನ ರೂಟರ್‌ನಲ್ಲಿ ದರ ಎಲ್ಲಿದೆ?" ಆಮೇಲೆ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ 1909ರಲ್ಲೇ ಟೆಲಿಫೋನ್ ದಟ್ಟಣೆಯ ಲೆಕ್ಕ ಹಾಕಿದ್ದನ್ನು, ತಮಗೆ ತರಬೇತಿಯಲ್ಲಿ ಅದನ್ನು ಕಲಿಸಿದ್ದನ್ನು ವಿವರಿಸತೊಡಗಿದರು. ಸಾರು ಆರಿತು. ಆದರೆ ಅವರ ಪ್ರಶ್ನೆ ಸರಿಯಾಗಿತ್ತು. ಯಾರನ್ನು ಮುಂದೆ ಬಿಡಬೇಕು ಎಂದು ಜಗಳವಾಡುವುದಕ್ಕಿಂತ ಸಾಲೇ ಬೆಳೆಯದಂತೆ ಮಾಡುವ ದಾರಿ ಇದೆಯೇ?

ಇದೆ, ಮತ್ತು ಪುಕ್ಕಟೆಯಾಗಿಯೇ ಇದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ವಿಧಾನವನ್ನು ಪ್ರಕಟಿಸಿದರು. ಸಾಲು ಎಷ್ಟು ಉದ್ದವಿದೆ ಎಂದು ಅದು ನೋಡುವುದಿಲ್ಲ. ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂದು ನೋಡುತ್ತದೆ. ಕಾಯುವುದು 5 ಮಿಲಿಸೆಕೆಂಡ್ ಮೀರಿ, ಹಾಗೆಯೇ 100 ಮಿಲಿಸೆಕೆಂಡ್ ಮುಂದುವರಿದರೆ, ಒಂದು ಪ್ಯಾಕೆಟ್ ಅನ್ನು ಬೇಕೆಂದೇ ಬಿಸಾಡುತ್ತದೆ. ಕಳುಹಿಸುವವನು ಅದನ್ನು ಕಂಡು ವೇಗ ತಗ್ಗಿಸುತ್ತಾನೆ. ಇದರ ಜೊತೆಗೆ ಪ್ರತಿಯೊಂದು ಸಂಪರ್ಕಕ್ಕೂ ಬೇರೆ ಬೇರೆ ಸಾಲು ಮಾಡಿ ಸರದಿಯಂತೆ ಬಿಡುವ ರೂಪವೊಂದು ಬಂತು. ಅದರಲ್ಲಿ ಆಗಾಗ ಒಂದೊಂದೇ ಪುಟ್ಟ ಪ್ಯಾಕೆಟ್ ಕಳುಹಿಸುವ ಆಟ, ಫೋನ್ ಮಾತುಗಳಂಥವು ತಾವಾಗಿಯೇ ಬೇಗ ದಾಟಿಬಿಡುತ್ತವೆ. ಯಾರೂ ಗುಂಡಿ ಒತ್ತಬೇಕಿಲ್ಲ. 2018ರಲ್ಲಿ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯ 4.19 ಆವೃತ್ತಿಗೆ ಸೇರಿದ ಕೇಕ್ ಎಂಬ ವಿಧಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಮೊದಲು ಮನೆಯ ಉಪಕರಣಗಳ ನಡುವೆ, ಆಮೇಲೆ ಪ್ರತಿ ಉಪಕರಣದ ಸಂಪರ್ಕಗಳ ನಡುವೆ ಪಾಲು ಹಂಚುತ್ತದೆ. ಈ ಕೆಲಸವನ್ನೆಲ್ಲ ವರ್ಷಗಟ್ಟಲೆ ಮುಂದೆ ನಿಂತು ನಡೆಸಿದವರಲ್ಲಿ ಡೇವ್ ಟಾಟ್ ಒಬ್ಬರು. 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ನನ್ನ ಮನೆಯ ರಾತ್ರಿಗಳು ನೆಟ್ಟಗಾಗಿದ್ದು ಇಂಥವರ ದುಡಿಮೆಯಿಂದ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

ಅಟ್ಟದ ಮೇಲೆ ಹಳೆಯ ರೂಟರ್ ಒಂದು ಬಿದ್ದಿತ್ತು. ಅದರ ಮಾದರಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ, ರೂಟರ್‌ಗಳಿಗಾಗಿಯೇ ಇರುವ ಮುಕ್ತ ತಂತ್ರಾಂಶ ಸಿಗುತ್ತದೆಂದು ತಿಳಿದಾಗ ಧೂಳು ಒರೆಸಿ ಇಳಿಸಿದೆ. ಇಲ್ಲಿ ಒಂದು ಎಚ್ಚರಿಕೆ: ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಮಾದರಿಯ ಹೆಸರಿನ ಪಕ್ಕ ವಿ2, ವಿ3 ಎಂದು ಆವೃತ್ತಿ ಇರುತ್ತದೆ. ಒಂದೇ ಹೆಸರಿನಲ್ಲಿ ಒಳಗೆ ಬೇರೆಯೇ ಚಿಪ್ ಇರಬಹುದು, ಬೇರೆ ಆವೃತ್ತಿಯ ಫೈಲ್ ಹಾಕಿದರೆ ರೂಟರ್ ಕೆಟ್ಟು ಇಟ್ಟಿಗೆಯಾಗುತ್ತದೆ. ಕನ್ನಡಕ ಹಾಕಿಕೊಂಡು ಮಾವ ಚೀಟಿ ಓದಿದರು, ನಾನು ಫೈಲ್ ಹೆಸರಿಗೆ ತಾಳೆ ನೋಡಿದೆ.

ಫೈಬರ್ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ, ಅಂದರೆ ರೂಟರ್ ಕೆಲಸ ಬಿಟ್ಟು ಮಾಹಿತಿಯನ್ನು ಸುಮ್ಮನೆ ದಾಟಿಸುವ ಸ್ಥಿತಿಗೆ, ಹಾಕಿಕೊಡಿ ಎಂದು ಇಂಟರ್ನೆಟ್ ಕಂಪನಿಯವರನ್ನು ಕೇಳಿದೆ. ಬಂದ ಹುಡುಗ, "ಹಾಗೆ ಮಾಡಿದರೆ ಆಮೇಲೆ ಏನಾದರೂ ನಮ್ಮನ್ನು ಕೇಳಬೇಡಿ ಮೇಡಂ" ಎಂದ. ಸರಿ, ಬೇಡ ಎಂದುಕೊಂಡೆ. ಆ ಪೆಟ್ಟಿಗೆಯನ್ನು ಇದ್ದಂತೆಯೇ ಬಿಟ್ಟು, ಅದರ ಒಂದು ಲ್ಯಾನ್ (ಮನೆಯ ಕಡೆಯ) ಕಿಂಡಿಯಿಂದ ನನ್ನ ರೂಟರ್‌ನ ವ್ಯಾನ್ (ಹೊರಗಿನ ಕಡೆಯ) ಕಿಂಡಿಗೆ ಕೇಬಲ್ ಕೊಟ್ಟೆ. ಎರಡರ ವಿಳಾಸವೂ 192.168.1.1 ಆಗಿದ್ದರಿಂದ ನನ್ನದನ್ನು 192.168.10.1ಕ್ಕೆ ಬದಲಿಸಿದೆ. ಪೆಟ್ಟಿಗೆಯ ವೈಫೈಯನ್ನು ಆಫ್ ಮಾಡಿದೆ. ಇದು ಬಹಳ ಮುಖ್ಯ. ಒಂದೇ ಒಂದು ಮೊಬೈಲ್ ಹಳೆಯ ವೈಫೈಯಲ್ಲಿ ಉಳಿದರೂ ಅದರ ಬ್ಯಾಕಪ್ ನನ್ನ ರೂಟರ್‌ನ ಕಣ್ಣು ತಪ್ಪಿಸಿ ಲೈನ್ ತುಂಬಿಸುತ್ತದೆ, ಮಾಡಿದ್ದೆಲ್ಲ ನೀರುಪಾಲು. ಹೊಸ ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟೆ. ಟಿವಿ, ಕ್ಯಾಮೆರಾ, ಅತ್ತೆಯವರ ಮೊಬೈಲ್ ಯಾವುದಕ್ಕೂ ಏನೂ ಗೊತ್ತಾಗಲಿಲ್ಲ. ಮನೆಯ ಉಪಕರಣಗಳ ವಿಳಾಸಗಳನ್ನೆಲ್ಲ ಹೊರಗೆ ಒಂದೇ ವಿಳಾಸವಾಗಿ ತೋರಿಸುವ ನ್ಯಾಟ್ ಎರಡು ಪದರವಾಯಿತು, ನಿಜ. ಆಟಗಾರರ ಯಂತ್ರಗಳೇ ನೇರವಾಗಿ ಪರಸ್ಪರ ಕೂಡುವ ಆಟಗಳಲ್ಲಿ ಅದು ತೊಡಕು. ಎಲ್ಲರೂ ಮುಂಬೈ ಸರ್ವರ್‌ಗೆ ಹೋಗುವ ನಮ್ಮ ಆಟದಲ್ಲಿ ತೊಂದರೆ ಕಾಣಲಿಲ್ಲ.

ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಎಂಬ ಪ್ಯಾಕೇಜ್ ಹಾಕಿ ಅದರಲ್ಲಿ ಕೇಕ್ ಆಯ್ದುಕೊಂಡೆ. ತುಂಬಬೇಕಾದ ಮುಖ್ಯ ಅಂಕಿಗಳು ಎರಡೇ, ಡೌನ್‌ಲೋಡ್ ಮತ್ತು ಅಪ್‌ಲೋಡ್ ವೇಗ. ಲೈನಿನ ಶೇಕಡಾ 90ರಿಂದ ಶುರು ಮಾಡುವುದು ವಾಡಿಕೆ. 45 ಬರೆದು, ಎರಡು ಮೊಬೈಲ್‌ಗಳಲ್ಲಿ ಬ್ಯಾಕಪ್ ಹಚ್ಚಿ, ಟಿವಿಯಲ್ಲಿ 4ಕೆ ವಿಡಿಯೊ ಬಿಟ್ಟು ಪಿಂಗ್ ನೋಡಿದೆ. 24, 26, 25, 29, 25. ಬ್ಯಾಕಪ್ ಓಡುತ್ತಿದೆಯೋ ಇಲ್ಲವೋ ಎಂದು ಅನುಮಾನ ಬಂದು ಮೊಬೈಲ್ ತೆಗೆದು ನೋಡಿದೆ. ಓಡುತ್ತಿತ್ತು. ಮೇಲಕ್ಕೆ ಒಂದೊಂದೇ ಎಂಬಿಪಿಎಸ್ ಏರಿಸಿದಾಗ ಅಪ್‌ಲೋಡ್ 48 ದಾಟಿದ ಕೂಡಲೇ ಪಿಂಗ್ ಮತ್ತೆ ಹಾರಿತು. ಸಾಲು ಮತ್ತೆ ಫೈಬರ್ ಪೆಟ್ಟಿಗೆಗೆ ಸ್ಥಳಾಂತರವಾಗಿತ್ತು. 46ಕ್ಕೆ ನಿಲ್ಲಿಸಿದೆ.

ಡೌನ್‌ಲೋಡ್ ಇಷ್ಟು ಸುಲಭಕ್ಕೆ ಮಣಿಯಲಿಲ್ಲ. ಆ ಕಡೆಯ ಸಾಲು ಕಟ್ಟುವುದು ಕಂಪನಿಯವರ ಬಳಿ, ನಮ್ಮ ಕೈಯಲ್ಲಿಲ್ಲ. ನಾವು ಲೈನಿಗಿಂತ ಸ್ವಲ್ಪ ನಿಧಾನವಾಗಿ ತೆಗೆದುಕೊಳ್ಳುವವರಂತೆ ನಟಿಸಿದರೆ ಮಾತ್ರ ಸಾಲು ನಮ್ಮ ಕಡೆ ಬರುತ್ತದೆ. ಮಧ್ಯಾಹ್ನ ಅಳೆದು 46 ಇಟ್ಟರೆ ರಾತ್ರಿ ಫಲ ಕೊಡುತ್ತಿರಲಿಲ್ಲ, ಏಕೆಂದರೆ ಬಡಾವಣೆಯೆಲ್ಲ ಟಿವಿ ಮುಂದೆ ಕೂರುವ ಹೊತ್ತಿಗೆ ಲೈನೇ 42, 43ಕ್ಕೆ ಇಳಿಯುತ್ತಿತ್ತು. ಅಳೆಯಬೇಕಾದದ್ದು ಆಡುವ ಹೊತ್ತಿನಲ್ಲೇ. ಕೊನೆಗೆ ಡೌನ್‌ಲೋಡ್ ಅನ್ನು 40ಕ್ಕೆ ಇಳಿಸಿದೆ. ಇನ್ನೆರಡು ಸಣ್ಣ ಸಂಗತಿಗಳು: ಉಪಕರಣವಾರು ಪಾಲು ಸರಿಯಾಗಿ ಆಗಬೇಕಾದರೆ ಕೇಕ್‌ಗೆ ನ್ಯಾಟ್ ಎಂಬ ಆಯ್ಕೆಯನ್ನೂ ಹೇಳಬೇಕು, ಇಲ್ಲದಿದ್ದರೆ ಅದಕ್ಕೆ ಇಡೀ ಮನೆ ಒಂದೇ ವಿಳಾಸವಾಗಿ ಕಾಣುತ್ತದೆ. ಪ್ಯಾಕೆಟ್‌ಗಳನ್ನು ಪ್ರೊಸೆಸರ್‌ಗೆ ಕೊಡದೆ ಅಡ್ಡದಾರಿಯಲ್ಲಿ ದಾಟಿಸುವ ರೂಟರ್‌ನ ಹಾರ್ಡ್‌ವೇರ್ ಆಫ್‌ಲೋಡಿಂಗ್ ಅನ್ನು ಆಫ್ ಮಾಡಬೇಕು, ಇಲ್ಲದಿದ್ದರೆ ಪ್ಯಾಕೆಟ್‌ಗಳು ಕೇಕ್ ಅನ್ನು ಮುಟ್ಟದೆ ಪಕ್ಕದಿಂದಲೇ ಹೋಗುತ್ತವೆ.

ಮಾವನಿಗೆ ಮಾತ್ರ ಸಮಾಧಾನವಿರಲಿಲ್ಲ. ಸ್ಪೀಡ್ ಟೆಸ್ಟ್ ಮಾಡಿ, "ಐವತ್ತಕ್ಕೆ ದುಡ್ಡು ಕಟ್ಟುತ್ತೇವೆ, ನಲವತ್ತು ಬರುತ್ತಿದೆ. ಹತ್ತು ಎಲ್ಲಿಗೆ ಹೋಯಿತು?" ಎಂದು ಕೇಳಿದರು. "ಲೈಟ್ನಿಂಗ್ ದರ ಮಾವ, ಎಲ್ಲರೂ ಸೇರಿ ಕಟ್ಟುತ್ತಿದ್ದೇವೆ" ಎಂದೆ. ಅತ್ತೆಗೆ ವ್ಯತ್ಯಾಸವೇ ತಿಳಿಯಲಿಲ್ಲ. ಗಂಡನ ಮೀಟಿಂಗ್‌ನಲ್ಲಿ ದನಿ ಕತ್ತರಿಸುವುದು ನಿಂತಿತು. ಅದನ್ನು ಅವನು ಹೊಸ ಹೆಡ್‌ಫೋನ್‌ನ ಮಹಿಮೆ ಎಂದು ನಂಬಿದ್ದಾನೆ, ನಾನೂ ತಿದ್ದಲು ಹೋಗಿಲ್ಲ.

ಇಷ್ಟಾದ ಮೇಲೆ ಆಟದ ಪ್ಯಾಕೆಟ್‌ಗಳಿಗೆ ವಿಶೇಷ ಗುರುತು ಹಾಕಿ, ಕೇಕ್‌ನ ಮೇಲಿನ ದರ್ಜೆಗೆ ಸೇರಿಸುವ ಪ್ರಯೋಗವನ್ನೂ ಮಾಡಿದೆ. ಮನೆಯೊಳಗೆ ಆ ಗುರುತು ನಡೆಯುತ್ತದೆ, ಗೇಟು ದಾಟಿದ ಮೇಲೆ ಯಾರೂ ಅದಕ್ಕೆ ಬೆಲೆ ಕೊಡುವ ಭರವಸೆ ಇಲ್ಲ. ಪಿಂಗ್‌ನಲ್ಲಿ ಒಂದೆರಡು ಮಿಲಿಸೆಕೆಂಡ್ ಬದಲಾಯಿತೋ ಇಲ್ಲವೋ ಎಂಬಷ್ಟೇ ಫಲ. ತೆಗೆದುಹಾಕಿದೆ. ಕೆಂಪು ದೀಪ, ಎಂಟು ಕೊಂಬುಗಳ ಗೇಮಿಂಗ್ ರೂಟರ್ ಕೊಳ್ಳೋಣವೇ ಎಂದು ಕೇಳಿದ ಹೈದರಾಬಾದಿನ ಗೆಳತಿಗೂ ಬೇಡ ಎಂದೆ. ಅದೇ ದುಡ್ಡಿನಲ್ಲಿ ಕೇಬಲ್ ಎಳೆಸಿ ಉಳಿದದ್ದರಲ್ಲಿ ಒಳ್ಳೆಯ ಕುರ್ಚಿ ಕೊಂಡುಕೊಳ್ಳಬಹುದು. ಪಿಂಗ್ ಇಳಿಸುತ್ತೇವೆ ಎನ್ನುವ ಆ್ಯಪ್‌ಗಳ ಮಾತೂ ಹಾಗೆಯೇ. ದೂರವನ್ನು ಯಾರೂ ಕಡಿಮೆ ಮಾಡಲಾರರು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಮೈಸೂರಿನಿಂದ ಮುಂಬೈಗೆ ನೇರ ಗೆರೆ ಎಳೆದರೂ 850 ಕಿಲೋಮೀಟರ್ ಆಸುಪಾಸು, ಹೋಗಿಬರಲು ಎಂಟೂವರೆ ಮಿಲಿಸೆಕೆಂಡ್ ಬೇಕೇ ಬೇಕು. ಫೈಬರ್ ನೇರ ಗೆರೆಯಲ್ಲಿ ಹೋಗುವುದೂ ಇಲ್ಲ. ಕೆಲವು ರಾತ್ರಿ ಕಂಪನಿಯವರ ಕಡೆ ದಾರಿ ಬದಲಾಗಿ ಪಿಂಗ್ ಎಪ್ಪತ್ತಕ್ಕೆ ಹೋಗಿ ಕೂರುತ್ತದೆ. ಅಂಥ ದಿನ ನನ್ನ ರೂಟರ್ ಮಾಡುವುದೇನೂ ಇಲ್ಲ, ಮಲಗುವುದೇ ಲೇಸು.

ಮೊನ್ನೆ ಇಂಟರ್ನೆಟ್ ಕಂಪನಿಯಿಂದ ಫೋನ್ ಬಂತು. ಈಗ ಕಟ್ಟುವ ದುಡ್ಡಿಗೇ 200 ಎಂಬಿಪಿಎಸ್ ಕೊಡುತ್ತಾರಂತೆ. ಮಾವ ಆಗಲೇ ಹೂಂ ಎನ್ನುವವರಿದ್ದರು. ಅಟ್ಟದಿಂದ ಇಳಿಸಿದ ನನ್ನ ರೂಟರ್‌ನ ಪ್ರೊಸೆಸರ್ 50 ಎಂಬಿಪಿಎಸ್‌ಗೆ ಕೇಕ್ ಓಡಿಸುವಾಗಲೇ ತನ್ನ ಶಕ್ತಿಯ ಅರ್ಧದಷ್ಟನ್ನು ಬಳಸಿಬಿಡುತ್ತದೆ. 200 ಅದರಿಂದ ಆಗದ ಕೆಲಸ. ಒಪ್ಪಿಕೊಂಡು ಕೇಕ್ ಅನ್ನು 80ಕ್ಕೆ ಕಟ್ಟಿಹಾಕುವುದೋ, ಬಲವಾದ ಪ್ರೊಸೆಸರ್ ಇರುವ ಬೇರೆ ರೂಟರ್ ತರುವುದೋ ಎಂದು ನೋಡುತ್ತಿದ್ದೇನೆ. ಸದ್ಯಕ್ಕೆ ದಸರೆ ಮುಗಿಯಲಿ ಎಂದು ಹೇಳಿ ಫೋನ್ ಇಟ್ಟಿದ್ದೇನೆ.